ಮೂರು ಸಾಕು

ಧಾನೋರಿಯ ಈ ಮೂರನೇ ಮಹಡಿಯ ಮೇಲೆ
ವಿಮಾನಗಳು ಹೊಟ್ಟೆ ತೋರಿಸಿಕೊಂಡೇ ಹೋಗುತ್ತವೆ.
ಕುಕ್ಕರಿನ ಸೀಟಿ ಕೇಳದು, ಟೀವಿಯವರ ಬಾಯಷ್ಟೇ ಆಡುತ್ತದೆ.
ಎಂಬತ್ತರ ಹತ್ತಿರದ ನನ್ನ ಕಿವಿಗೆ
ಇದೊಂದು ಸದ್ದು ಮಾತ್ರ ಇನ್ನೂ ಸರಿಯಾಗಿ ಬೀಳುತ್ತದೆ.
ಏರಿದ್ದೆಷ್ಟು, ಇಳಿದದ್ದೆಷ್ಟು,
ಬೇಡವೆಂದರೂ ಬೆರಳು ಮಡಿಚಿಕೊಳ್ಳುತ್ತವೆ.

ಎಪ್ಪತ್ತೊಂದರ ಡಿಸೆಂಬರು. ಲೋಹಗಾಂವ್.
ಕಿಟಕಿಗೆಲ್ಲ ಕರಿಕಾಗದ, ಟಾರ್ಚಿನ ಬಾಯಿಗೆ ನೀಲಿ ಬಟ್ಟೆ.
ನಾನು ಕಾರ್ಪೊರಲ್ ಬಡಿಗೇರ, ಬೆಟಗೇರಿಯವನು.
ಅಪ್ಪ ಮಾಡುತ್ತಿದ್ದುದು ಕೂರಿಗೆ, ನೊಗ;
ನನ್ನ ಪಾಲಿಗೆ ಬಂದದ್ದು ಕ್ಯಾನ್‌ಬೆರಾದ ಮೈ.
ರಿವೆಟ್ಟು ರಿವೆಟ್ಟು ಸವರಿ ನೋಡುತ್ತಿದ್ದೆ
ಸಂತೆಗೆ ಬಂದ ಎತ್ತಿನ ಬೆನ್ನು ಸವರಿದ ಹಾಗೆ.

ಲಾಜರಸ್ ಸಾಹೇಬ ಹುಬ್ಬಳ್ಳಿ ರೈಲ್ವೆ ಕಾಲೊನಿಯ ಹುಡುಗ,
ನ್ಯಾವಿಗೇಟರ್, ಇಪ್ಪತ್ತಾರು ವರ್ಷ.
ಮೆಸ್ಸಿನಲ್ಲಿ ಇಂಗ್ಲಿಷು; ರೆಕ್ಕೆಯ ಕೆಳಗೆ, ನನ್ನ ಜೊತೆ,
ಗಣೇಶಪೇಟೆಯ ಕನ್ನಡ:
"ಏನಪಾ ಬಡಿಗೇರ, ನಿನ್ನ ಎತ್ತು ಮೇವು ತಿಂತೋ ಇಲ್ಲೋ?"
ಅವನಪ್ಪ ಲೋಂಡಾ ಘಟ್ಟ ಇಳಿಸುತ್ತಿದ್ದ ಎಂಜಿನ್ ಡ್ರೈವರು.
"ಅಪ್ಪಗ ಹಳಿ ಇತ್ತು. ನನಗ ಪೆನ್ಸಿಲ್ ಗೀಟು ಐತಿ, ಅಷ್ಟ."

ಆ ಪೆನ್ಸಿಲಿಗೆ ಮೊನೆ ಮಾಡುವುದು ನನ್ನ ಕೆಲಸವಲ್ಲ.
ಆದರೂ ಅವನಿಗೆ ಅಂಗಡಿಯ ಮೊನೆ ಒಗ್ಗದು,
ಉಳಿಯಿಂದ ಕೆತ್ತಬೇಕು, ಬಡಗಿಗಳ ಹಾಗೆ ಚಪ್ಪಟೆ;
ಮೂತಿಯ ಕತ್ತಲಲ್ಲಿ, ಗಾಳಿ ಕುಲುಕುವಾಗ,
ನಕಾಶೆಯ ಸಮುದ್ರದ ನಡುವೆ ಮುರಿಯಬಾರದು.

ಪೈಲಟ್‌ನ ಕುರ್ಚಿ ಸಿಡಿದು ಹೊರಗೆ ಹಾರಬಲ್ಲದು.
ಅದಕ್ಕೊಂದು ಪಿನ್ನು, ಪಿನ್ನಿಗೊಂದು ಕೆಂಪು ಪಟ್ಟಿ.
ಕಿತ್ತು, ತೋರಿಸಿ, ಎಣಿಸಿ, ಕೆಳಗಿಳಿಯುವುದು ನಿಯಮ.
ನ್ಯಾವಿಗೇಟರನಿಗೆ ಅಂಥ ಕುರ್ಚಿಯಿಲ್ಲ. ಬಾಗಿಲುಂಟು.
ಇಬ್ಬರು ಹತ್ತಿದ ವಿಮಾನಕ್ಕೆ ಒಂದೇ ಪಿನ್ನು.
ಎಷ್ಟೋ ರಾತ್ರಿ ಎಣಿಸಿದ್ದೆ,
ಎಣಿಸುವಾಗ ಏನೂ ಅನಿಸಿರಲಿಲ್ಲ.

ಆ ರಾತ್ರಿ ನಾಲ್ಕು ಕೊಟ್ಟೆ.
ಬಾಗಿಲಲ್ಲಿ ಬಗ್ಗಿ ಒಂದನ್ನು ಹಿಂದಕ್ಕೆ ಚಾಚಿದ:
"ಮೂರು ಸಾಕೋ. ಭಾಳ ದೂರ ಇಲ್ಲ."
ಕಾರ್ಟ್ರಿಜ್ಜು ಸಿಡಿದು ಕರಿಹೊಗೆ, ಪಟಾಕಿಯ ಘಾಟು.
ಹೊಗೆಯೊಳಗಿಂದ ಕೈ ಬೀಸಿದೆ,
ಕಂಡಿತೋ ಇಲ್ಲವೋ.

ಏಳು ಹೋಗಿ ಆರು ಬಂದವು.
ಏಳನೆಯದರ ಜಾಗದಲ್ಲಿ ಒಂದು ಎಣ್ಣೆಯ ಕಲೆ.
ಗಾಲಿಗೆ ಒಡ್ಡುವ ಮರದ ತುಂಡು ಎರಡೂ ಕೈಯಲ್ಲಿ ಹಿಡಿದು
ಬೆಳಗಿನ ತನಕ ನಿಂತೇ ಇದ್ದೆ,
ಸಾರ್ಜೆಂಟ್ ಬಂದು ಕಸಿದುಕೊಂಡು ಚಹಾ ಕುಡಿಸಿದ.
ದಫ್ತರದಲ್ಲಿ ಒಯ್ದದ್ದಕ್ಕೆ ಸಹಿ ಇದೆ,
ತಂದದ್ದಕ್ಕೆ ಇಲ್ಲ.
ಕಾಣೆ ಎಂದರು. ಸತ್ತ ಎನ್ನಲಿಲ್ಲ.
ಕಾಣೆಯಾದದ್ದು ಸಿಗುತ್ತದೆ. ಕುರಿ, ಕೊಡಲಿ,
ನಮ್ಮ ಓಣಿಯಿಂದ ಓಡಿಹೋದ ಹುಚ್ಚ ಬಸ್ಯಾ,
ಎಲ್ಲ ಸಿಕ್ಕಿದ್ದನ್ನು ಕಂಡವನು ನಾನು.

ಅದಕ್ಕೇ ಆ ನಾಲ್ಕನೆಯದನ್ನು ಕಾಪಿಡಲಿಲ್ಲ.
ಹಾಲಿನ ಲೆಕ್ಕ, ಊರಿಗೆ ಕಳಿಸಿದ ಮನಿಯಾರ್ಡರು,
ಬದಲಿಸಿದ ಬೋಲ್ಟುಗಳ ನಂಬರು
ಬರೆದು ಬರೆದು, ಮುಂದಿನ ಜೂನ್ ಹೊತ್ತಿಗೆ
ಬೆರಳಿಗೆ ಸಿಗದಷ್ಟು ಗಿಡ್ಡ. ಎಲ್ಲೋ ಬಿತ್ತು.

ಕ್ಯಾಂಪಿನಲ್ಲಿ ಅವನಕ್ಕ, ಡಾಫ್ನಿ ಮಿಸ್,
ಮಕ್ಕಳಿಗೆ ಭೂಗೋಳ ಕಲಿಸಿದವರು.
ವರ್ಷಕ್ಕೊಮ್ಮೆ ಆ ದಿನ ಹೋಗುತ್ತೇನೆ. ಪ್ಲಮ್ ಕೇಕು, ಸಪ್ಪೆ ಚಹಾ.
ಮೊದಲ ಸಲವೇ ಕೇಳಿದ್ದರು, ಕೊನೆಗೆ ಏನಂದ?
ಅಮ್ಮನ ಹೆಸರೆತ್ತಿದ ಎಂದಿದ್ದೆ.
ಐವತ್ತು ವರ್ಷ ಆ ಸುಳ್ಳಿನ ಮೇಲೆ ಕೇಕು ತಿಂದೆ.

ಹೋದ ಸಲ ಅವರ ಕಣ್ಣು ಪೂರ್ತಿ ಹೋಗಿತ್ತು.
ಹೇಳಿಬಿಟ್ಟೆ. ಪೆನ್ಸಿಲು, ಮೂರು ಸಾಕು, ದೂರ ಇಲ್ಲ.
ತಟ್ಟೆಯ ಚೂರು ಬೆರಳಿಂದ ಒತ್ತುತ್ತ ಕೂತರು.
ಆಮೇಲೆ ನಕ್ಕರು, ಪಕ್ಕದ ಮನೆಗೆ ಕೇಳುವಷ್ಟು:
"ಅಂವಾ ಹಂಗ ನೋಡ್ರಿ. ಪರೀಕ್ಷಾಕ್ಕೂ ಒಂದ ಪೆನ್ನು ಒಯ್ತಿದ್ದ."

ಹೊರಗೆ ಒಂದು ವಿಮಾನ ಇಳಿಯುತ್ತಿತ್ತು.
ಅದು ನೆಲ ಮುಟ್ಟುವಷ್ಟು ಹೊತ್ತು
ಇಬ್ಬರೂ ಮಾತಾಡಲಿಲ್ಲ.