ಒಂದು ಮುಡಿ ಹೆಚ್ಚು

ಹುರ್ಮುಜ್ ದ್ವೀಪದಲ್ಲಿ ಹುಲ್ಲು ಹುಟ್ಟುವುದಿಲ್ಲ.
ಉಪ್ಪು, ಕೆಮ್ಮಣ್ಣು, ಅರಸರು: ಬೆಳೆಯುವುದು ಇಷ್ಟೇ.
ಕುಡಿವ ನೀರು ಎದುರು ದಂಡೆಯಿಂದ ದೋಣಿಯಲ್ಲಿ ಬರಬೇಕು,
ಅಕ್ಕಿ ನಮ್ಮ ಬಸರೂರಿಂದ.
ನಾನು ತಿರುಮಲೆ ಸೆಟ್ಟರ ಕೋಠಿಯ ಲೆಕ್ಕದವನು, ಬೊಮ್ಮಯ್ಯ,
ಕಡತದ ಕರಿಬಟ್ಟೆಯ ಮೇಲೆ ಬಳಪ ಎಳೆಯುತ್ತ
ಹನ್ನೊಂದು ಬೇಸಗೆ ಕಳೆದವನು.

ಕೋಟೆಯ ಹಿಂದೆ ಒಂದು ಮನೆ. ಕಿಟಕಿಗಳಿವೆ,
ಯಾರೂ ತೆರೆಯುವುದಿಲ್ಲ, ಮುಚ್ಚುವುದೂ ಇಲ್ಲ.
ಒಳಗಿರುವವರೆಲ್ಲ ಹಿಂದೆ ಅರಸರು.
ಕೊಲ್ಲುವುದು ಪಾಪ, ಎನ್ನುತ್ತದೆ ಇಲ್ಲಿಯ ವಾಡಿಕೆ.
ಕಾದ ತಾಮ್ರದ ಬೋಗುಣಿಯನ್ನು ಕಣ್ಣಿನೆದುರು ಹಿಡಿದರೆ
ಪಾಪವಿಲ್ಲದೆ ಸಿಂಹಾಸನ ತೆರವಾಗುತ್ತದೆ.
ತಿಂಗಳಿಗೆ ತಲೆಗೊಂದು ಮುಡಿ ಅಕ್ಕಿ, ಒಟ್ಟು ಒಂಬತ್ತು.
ಅವರಲ್ಲಿ ಹಿರಿಯ, ಕಾಳನ್ನು ಬೆರಳಲ್ಲಿ ಉಜ್ಜಿ ಹೇಳುತ್ತಾನೆ:
"ಈ ಸಲ ಹಡಗಿಗೆ ನೀರು ಹೊಕ್ಕಿದೆ, ಬೊಮ್ಮಯ್ಯ."
ಹೊಕ್ಕಿರುತ್ತದೆ.
ಆಳುತ್ತಿದ್ದಾಗ ಇವನು ಅಕ್ಕಿಯನ್ನು ಮುಟ್ಟಿಯೇ ಇರಲಿಲ್ಲವಂತೆ.

ಪರಂಗಿಯರ ಗುಮಾಸ್ತ ದುವಾರ್ತೆ ಸಂಜೆ ಬಂದು
ಖರ್ಜೂರದ ಬೀಜ ಉಗಿಯುತ್ತ ಹೇಳುತ್ತಿದ್ದ:
ನಮ್ಮ ಕಡೆ ಪಂಡಿತರು ಈಗ ಹೊಸದೊಂದು ಕಂಡುಹಿಡಿದಿದ್ದಾರೆ,
ಧರ್ಮಕ್ಕೆ ಅದರದೇ ನ್ಯಾಯ, ರಾಜ್ಯಕ್ಕೆ ಅದರದೇ ಕಾರಣ.
ಅರಸ ಸತ್ತರೂ ಸಾಯದ ಇನ್ನೊಂದು ಮೈ ಅವನಿಗುಂಟು,
ಕಾರಣ ಹುಟ್ಟುವುದು ಆ ಮೈಯಲ್ಲಿ.
"ನಿಮ್ಮ ಮಾತಲ್ಲಿ ಇದಕ್ಕೇನೆನ್ನುತ್ತೀರಿ?"
ರಾಜಕಾರಣ, ಅಂದೆ.
ನಮ್ಮಲ್ಲಿ ಹೊಸದೇನಲ್ಲ. ಹೊಲಿಗೆ ಕಾಣದಂತೆ
ಎರಡು ಪದ ಕೂಡಿಸಿ ಯಾವ ಕಾಲವೋ ಆಯಿತು.
ಆ ಇನ್ನೊಂದು ಮೈಗೆ ಕಣ್ಣಿದೆಯೇ ಎಂದು ಕೇಳಿದ್ದಕ್ಕೆ
ನಕ್ಕು ಇನ್ನೊಂದು ಖರ್ಜೂರ ತೆಗೆದುಕೊಂಡ.

ನಿನ್ನೆ ವಜೀರ ರಯೀಸ್ ಬಹ್ರಾಮನ ಆಳು ಬಂದ.
"ಬರುವ ತಿಂಗಳಿಂದ ಆ ಮನೆಗೆ ಹತ್ತು ಮುಡಿ."
ಯಾಕೆಂದು ಕೇಳಲಿಲ್ಲ.
ಸುಂಕದಲ್ಲಿ ಮೂರನೆಯ ಪಾಲು ಬಿಟ್ಟಿದ್ದಾರೆ ನಮ್ಮ ಸೆಟ್ಟರಿಗೆ;
ಕೋಠಿಗೂ ಒಂದು ಕಾರಣವಿರುತ್ತದೆ.
ಬರೆದೆ: ಹತ್ತು.
ಬಳಪದ ಅಂಕೆ, ಬೆರಳಿಂದ ಒರೆಸಿದರೆ ಹೋಗುತ್ತಿತ್ತು.
ಅರಸನಿಗಿಂತ ಮೊದಲು ಅಕ್ಕಿಗೆ ಗೊತ್ತಾಯಿತು.

ಇವತ್ತು ಬೆಳಿಗ್ಗೆ ಅವನೇ ಕಟ್ಟೆಗೆ ಬಂದ, ಕುದುರೆ ಮೇಲೆ,
ಹತ್ತೊಂಬತ್ತು ವರ್ಷ, ಮೀಸೆ ಇನ್ನೂ ಮನಸ್ಸು ಮಾಡಿಲ್ಲ.
"ನಿಮ್ಮ ನಾಡಿನ ಹಡಗು ಎಷ್ಟು ಬಂದಿವೆ?"
ಏಳು, ಒಡೆಯಾ.
ಹೇಳಬಹುದಿತ್ತು. ನಾಲಗೆಯ ತುದಿಯಲ್ಲಿ ಉಪ್ಪಿತ್ತು.
"ಎಣಿಸಿ ನೋಡಿ," ಅಂದೆ, "ನಿಧಾನವಾಗಿ ನೋಡಿ."
ಅಂಗೈ ಹಣೆಗಿಟ್ಟು ನೋಡಿದ. ಬಹಳ ಹೊತ್ತು.
"ಎಂಟು," ಅಂದ. "ಅಗೋ, ನೀರಿನ ಅಂಚಿನಲ್ಲಿ ಇನ್ನೊಂದು ಹಾಯಿ."

ನನಗೆ ಕಾಣಲಿಲ್ಲ.
ಸಂಜೆಗೆ ಅದು ದಡ ಮುಟ್ಟಿತು, ಬಸರೂರಿನದೇ.
ಏಳನ್ನು ಒರೆಸಿ ಎಂಟು ಮಾಡಿದೆ.