ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಾನು ಎಂಟನೆಯವನು.
ಲಿಂಕನ್‌ಶೈರಿನ ಜೌಗುಬಯಲ ನಡುವೆ, ಇಗರ್ಜಿಯ ಗೋಪುರದಲ್ಲಿ
ಎರಡು ಹೋರಿಗಳ ತೂಕದ ಗಂಟೆ, ಅದರ ಹಗ್ಗ ನನ್ನದು.
ಮಿಕ್ಕ ಏಳು ಗಂಟೆಗಳು ಜಾಗ ಬದಲಿಸುತ್ತವೆ:
ಒಂದು ಸಲಕ್ಕೆ ಒಂದೇ ಹೆಜ್ಜೆ,
ಪಕ್ಕದವರೊಡನೆ ಅದಲು ಬದಲು.
ಸಾಲು ಮುಗಿದಾಗಲೆಲ್ಲ ಕೊನೆಗೆ ನಾನು, ಢಣ್.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಲೆಕ್ಕ ಹೇಳಿಕೊಟ್ಟವನು ಎನೋಕ್ ಲಾರ್ವುಡ್,
ನಾಲ್ಕನೆಯ ಹಗ್ಗದವನು, ಶಾಲೆಯ ಮೇಷ್ಟ್ರು.
"ಮೊದಲ ಜಾಗಕ್ಕೆ ಏಳು ಮಂದಿ,
ಎರಡನೆಯದಕ್ಕೆ ಆರು, ಆಮೇಲೆ ಐದು,
ಕೊನೆಯದಕ್ಕೆ ಪೈಪೋಟಿಯೇ ಇಲ್ಲ.
ಗುಣಿಸುತ್ತ ಮೆಟ್ಟಿಲಿಳಿ:
ಐದು ಸಾವಿರದ ನಲವತ್ತು.
ಅಷ್ಟರಲ್ಲಿ ಒಂದು ಸಾಲು ಮರುಕಳಿಸಿತೋ
ಎಲ್ಲೋ ಒಂದು ಹುಟ್ಟದೆ ಹೋಯಿತು ಅಂತಲೇ ಅರ್ಥ."

ಪಬ್ಬಿನ ಮೇಜಿನ ಮೇಲೆ ಬಿಯರಿನ ನೊರೆಯಲ್ಲಿ ಬೆರಳದ್ದಿ ಬರೆಯುತ್ತಿದ್ದ.
"ಹಂಚಿ ನೋಡು! ಇಬ್ಬರಿಗೆ, ಮೂವರಿಗೆ, ಹತ್ತು ಮಂದಿಯವರೆಗೂ
ಯಾರಿಗೂ ಚೂರು ಹೆಚ್ಚಿಲ್ಲ, ಚೂರು ಕಮ್ಮಿಯಿಲ್ಲ.
ಹನ್ನೊಂದನೆಯವನು ಬಂದನೋ, ಜಗಳ:
ಎರಡು ಉಳಿದುಬಿಡುತ್ತದೆ.
ಹನ್ನೆರಡನೆಯವನನ್ನೂ ಕರೆ, ಮತ್ತೆ ಶಾಂತಿ."

ಒಂದು ದಿನ, ಹಿಮ ಬಿದ್ದ ದಾರಿಯಲ್ಲಿ, ಚಾಡಿ ಹೇಳುವವನ ದನಿಯಲ್ಲಿ:
"ಇದಕ್ಕೆ ಒಂದು ಕೂಡಿಸು. ಹಂಚಿಕೆಯೆಲ್ಲ ಕೆಟ್ಟಿತು,
ಇಬ್ಬರಿಗೂ ಇಲ್ಲ, ಹತ್ತು ಮಂದಿಗೂ ಇಲ್ಲ.
ಆದರೆ ಹೊಲವಾಯಿತು ನೋಡು:
ಉದ್ದ ಎಪ್ಪತ್ತೊಂದು, ಅಗಲ ಎಪ್ಪತ್ತೊಂದು, ನಾಲ್ಕೂ ಬದು ಸಮ.
ನಾಲ್ಕರ ಮೆಟ್ಟಿಲಿಗೆ ಹೀಗಾಗುತ್ತದೆ, ಐದರದಕ್ಕೆ, ನಮ್ಮ ಏಳರದಕ್ಕೆ.
ಅದರಾಚೆ ಎಷ್ಟು ಹುಡುಕಿದರೂ ಯಾರಿಗೂ ಸಿಕ್ಕಿಲ್ಲ.
ಇಲ್ಲವೇ ಇಲ್ಲ ಅಂತ ಯಾರೂ ಸಾಧಿಸಿಯೂ ಇಲ್ಲ."

ಎಪ್ಪತ್ತೊಂದಕ್ಕೇ ಹೋದ.
ಫೆಬ್ರವರಿ, ಸೌದೆ ಕೊಟ್ಟಿಗೆ, ಒಂದೇ ಕೈಗೆ ಗವಸು.
ಇದಕ್ಕೇನೂ ಅರ್ಥವಿಲ್ಲ.
ಮನುಷ್ಯರು ಎಪ್ಪತ್ತಕ್ಕೂ ಸಾಯುತ್ತಾರೆ, ಎಪ್ಪತ್ತೆರಡಕ್ಕೂ.

ಶನಿವಾರ ಗಂಟೆಯ ನಾಲಗೆಗಳಿಗೆ ಒಂದು ಮಗ್ಗುಲು ತೊಗಲು ಕಟ್ಟಿದೆವು.
ಒಂದು ಸಾಲು ಜೋರು, ಮರುಸಾಲು ಅದರ ನೆರಳು.
ನಿಮಿಷಕ್ಕೆ ಇಪ್ಪತ್ತೆಂಟು, ಮೂರು ತಾಸು.
ಕಾಗದ ನೋಡುವಂತಿಲ್ಲ, ಗುಟುಕು ನೀರು ಕುಡಿಯುವಂತಿಲ್ಲ.
ರೊಟ್ಟಿ ಸುಡುವ ಹೆಸ್ಟರ್ ಥರ್ಕೆಟಲ್ ಎಲ್ಲವನ್ನೂ ತಲೆಯಲ್ಲೇ ಹಿಡಿದು
ಆಗಾಗ ಒಂದು ಸೊಲ್ಲು ಕೂಗುತ್ತಾಳೆ, ದಾರಿ ಹೊರಳುತ್ತದೆ.
ಎನೋಕನ ಹಗ್ಗ ಡಾರ್ಕಸ್‌ಳ ಕೈಯಲ್ಲಿ. ಹದಿನಾರರ ಹುಡುಗಿ.
ಎರಡನೆಯ ತಾಸಿನಲ್ಲಿ ಅಂಗೈ ಬಿರಿಯಿತು;
ಬಿಳಿಯ ಉಣ್ಣೆಹಿಡಿ ಕೆಂಪಾದದ್ದನ್ನು ನಾನು ಕಂಡೆ, ಅವಳು ಕಾಣಲಿಲ್ಲ.

ಏಳನೆಯ ಜಾಗದಲ್ಲಿ ಯಾರಿದ್ದಾರೋ ಅವರ ಬೆನ್ನು ಹಿಡಿಯುವುದು ನನ್ನ ಕೆಲಸ.
ಒಬ್ಬೊಬ್ಬರೂ ಏಳುನೂರ ಇಪ್ಪತ್ತು ಸಲ ನನ್ನ ಮುಂದೆ ಬಂದು ಹೋಗುತ್ತಾರೆ.
ನಾಲ್ಕನೆಯದು ಬಂದಾಗಲೆಲ್ಲ
ಅವನೇ ಗಂಟಲು ಸರಿಮಾಡಿಕೊಂಡ ಹಾಗೆ.

ಕೊನೆಗೆ, ಒಂದು ಎರಡು ಮೂರು ನಾಲ್ಕು ಐದು ಆರು ಏಳು,
ಹೊರಟಲ್ಲಿಗೇ ಬಂದು ಮುಟ್ಟಿದೆವು. ನಾನು, ಢಣ್, ತೊಗಲ ಮಗ್ಗುಲು.
"ನಿಲ್ಲಿ" ಎಂದಳು ಹೆಸ್ಟರ್.
ಏಳು ಹಗ್ಗ ನಿಂತವು.

ನಾನು ಇನ್ನೊಮ್ಮೆ ಎಳೆದೆ.

ತೊಗಲಿಲ್ಲದ ಮಗ್ಗುಲು ಅದು. ಎಲೆಕೋಸಿನ ಹೊಲ ದಾಟಿ,
ಕಾಲುವೆ ದಾಟಿ, ಅವನ ಮನೆಯ ಹೊಗೆಗೂಡಿನವರೆಗೂ ಹೋಗಿರಬೇಕು.
ಹೆಸ್ಟರ್ ದುರುಗುಟ್ಟಿದಳು. ಕೈ ಜಾರಿತು ಅಂದೆ.
ಪುಸ್ತಕದಲ್ಲಿ ಐದು ಸಾವಿರದ ನಲವತ್ತು ಎಂದು ಬರೆದಳು,
ಬರೆದದ್ದು ಸರಿಯಾಗಿಯೇ ಇತ್ತು.

ಸುರುಳಿ ಮೆಟ್ಟಿಲ ಕತ್ತಲಲ್ಲಿ, ಅಂಗೈಗೆ ಕರವಸ್ತ್ರ ಸುತ್ತಿಕೊಳ್ಳುತ್ತ
ಡಾರ್ಕಸ್ ಹಿಂತಿರುಗದೆಯೇ ಕೇಳಿದಳು:
"ಹೊಲಕ್ಕಾ?"