ಒಂದು ಲಕ್ಷ ನಾಲ್ಕು ಸಾವಿರದ ಏಳ್ನೂರ ಇಪ್ಪತ್ತೊಂಬತ್ತು

ಮುರ್ಗಾಂವ್ ಬಂದರಿನ ಹಿಂಬದಿಯ ಯಾರ್ಡಿನಲ್ಲಿ
ಏಳು ತಿಂಗಳಿಂದ ಕೂತಿದೆ ಇಪ್ಪತ್ತಡಿಯ ಒಂದು ಕಂಟೇನರು.
ಕಾಗದಪತ್ರ ಎಲ್ಲೋ ಕಳೆದಿದೆ. ಕೇಳುವವರಿಲ್ಲ.
ತುಕ್ಕಿನ ಮೇಲೆ ಬಿಳಿ ಅಂಕಿ: ೧೦೪೭೨೯.

ನನ್ನ ಕೆಲಸ ಎಣಿಸುವುದು, ಬರೆದಿಡುವುದು;
ಬಿಡಿಸುವುದಲ್ಲ.
ಆದರೂ ರಾತ್ರಿ ಪಾಳಿಯಲ್ಲಿ ಹಡಗು ತಡವಾದರೆ
ಗೇಟ್‌ಪಾಸಿನ ಬೆನ್ನಿಗೆ ಪೆನ್ಸಿಲ್ಲು ಊರುತ್ತೇನೆ.

ಎರಡಕ್ಕೆ ಬಗ್ಗದು.
ಮೂರಕ್ಕೆ? ಅಂಕಿ ಕೂಡಿದೆ, ಇಪ್ಪತ್ಮೂರು. ಇಲ್ಲ.
ಐದನ್ನು ಕೇಳುವುದೇ ಬೇಡ.
ಏಳಕ್ಕೆ ಎರಡು ಉಳಿಯಿತು, ಹನ್ನೊಂದಕ್ಕೆ ಒಂಬತ್ತು.
ಹದಿಮೂರರ ಮಗ್ಗಿ ಹಿಡಿದು ಕೊನೆ ಮುಟ್ಟಿದರೆ
ಒಂದೇ ಒಂದು ನಿಂತಿತ್ತು,
ಕಡೇ ಬಸ್ಸು ತಪ್ಪಿಸಿಕೊಂಡವನ ಹಾಗೆ.

ಪಕ್ಕದ ೧೦೪೭೨೮ ನೋಡಿ, ಎಂಥ ಸಂಸಾರಸ್ಥ!
ಎಂಟು, ಹದಿಮೂರು, ಹತ್ತೊಂಬತ್ತು, ಐವತ್ಮೂರು
ಯಾರು ಬಂದರೂ ಬಾಗಿಲು ತೆಗೆದಿದೆ.

ಭಾಗಾಕಾರ ನನಗೆ ಕಲಿಸಿದ್ದು ಅವ್ವ.
ಬೈನಾದ ತಗಡಿನ ಮನೆ, ಆರು ಬಾಯಿ, ಐದು ರೊಟ್ಟಿ.
ಮೊದಲು ತನ್ನ ಪಾಲು ಮುರಿದಿಟ್ಟುಕೊಂಡು
ಆಮೇಲೆ ನಮಗೆ.
'ಅದಿರು ಹೊರೋಳು ನಾನು, ಮೊದಲು ನಾನುಣ್ಣಬೇಕು.'
ಕರುಣೆಯ ಲೆಕ್ಕವಲ್ಲ ಅದು. ಲೆಕ್ಕ.

'ಒಳಗೇನಿರಬಹುದು?' ಕ್ರೇನಿನ ಇನಾಸಿಯೊ ಕೇಳುತ್ತಾನೆ.
ಗೊಂಬೆ, ಟೈಲ್ಸು, ಕೊಳೆತ ಈರುಳ್ಳಿ
ಅವನ ಊಹೆ ದಿನಕ್ಕೊಂದು.
ನನಗೆ ಹೊರಗಿನದೇ ಮುಗಿದಿಲ್ಲ ಮಾರಾಯ.

ಮುನ್ನೂರ ಇಪ್ಪತ್ಮೂರರ ತನಕ ಹುಡುಕಿದರೆ ಸಾಕು.
ಅದರಾಚೆ ಭಾಗಿಸುವವನೊಬ್ಬ ಇದ್ದಿದ್ದರೆ
ಈಚೆಗೆ ಅವನ ಜೋಡಿದಾರ ಸಿಕ್ಕಿಬೀಳುತ್ತಿದ್ದ.
ಅರವತ್ತಾರು ಸಲ ಭಾಗಿಸಿದೆ. ಮೂರು ರಾತ್ರಿ.
ಕೊನೆಯವನು ಮುನ್ನೂರ ಹದಿನೇಳು,
ನೂರ ಹತ್ತೊಂಬತ್ತು ಕೈಗಿಟ್ಟು ಹೋದ.

ಅವಿಭಾಜ್ಯ.
ಬರೆದು ಕೆಳಗೊಂದು ಗೆರೆ ಎಳೆದೆ.

ಆಮೇಲೆ ವಾಸ್ಕೋದ ವಾಚನಾಲಯದಲ್ಲಿ
ಒರಲೆ ತಿಂದ ಕೋಷ್ಟಕವೊಂದು ಹೇಳಿತು:
ಎರಡು, ಮೂರು, ಐದು ಎಂದು ಸಾಲು ಹಿಡಿದರೆ
ಸರಿಯಾಗಿ ಹತ್ತು ಸಾವಿರನೆಯದು ಇದು.
ಯಾರಿಗೂ ಸೇರದ್ದಕ್ಕೂ
ಸರತಿಯಲ್ಲೊಂದು ಟೋಕನ್ನು ಇರುತ್ತದೆ, ಪಡಿತರದಂಗಡಿಯಲ್ಲಿ ಇದ್ದ ಹಾಗೆ.

ಇನ್ನೊಂದು ಸಂಗತಿ, ಹುಡುಕದೆ ಸಿಕ್ಕಿದ್ದು:
ಆ ಗಡಿಯ ಮುನ್ನೂರ ಇಪ್ಪತ್ಮೂರನ್ನು
ಅದರಿಂದಲೇ ಗುಣಿಸಿ ಕಳೆದು ನೋಡಿದೆ.
ಮಿಕ್ಕಿದ್ದು ನಾನೂರು.
ಇಪ್ಪತ್ತಿಪ್ಪತ್ಲಿ ನಾನೂರು!
ದೊಡ್ಡ ಚೌಕದ ಯಾರ್ಡು, ಮಗ್ಗುಲಿಗೆ
ಇಪ್ಪತ್ತರದೊಂದು ಪುಟ್ಟ ಚೌಕ.
ಒಡೆಯಲು ಬಾರದ್ದು
ಕೂಡಿಸಿದರೆ ಬಂತು.
ಇನಾಸಿಯೊನಿಗೆ ಹೇಳಿದೆ. ಬೀಡಿ ಆರಿಸಿ
'ಟೀ ಕುಡಿ' ಅಂದ.

ಸೋಮವಾರ ಕಸ್ಟಮ್ಸಿನ ಪರಬ್ ಸಾಹೇಬರು ಬಂದು
ಸೀಲು ಕತ್ತರಿಸಿದರು.
ಒಳಗೆ ಬಕೆಟ್ಟಿನ ಹಿಡಿಕೆ.
ಬಕೆಟ್ಟಿಲ್ಲ. ಬರೀ ಹಿಡಿಕೆ, ಮಾಡಿನವರೆಗೆ.

'ಎಷ್ಟಿವೆ, ಎಣಿಸಿ ಬರಿ' ಅಂದರು.
ಪೆನ್ಸಿಲ್ಲು ಹೆರೆದೆ.
ಬೆಸ ಬಂದರೆ ಸಾಕು, ಅಂದುಕೊಂಡೆ,
ಆಮೇಲಿನದು ನನಗೆ ಬಿಡಿ.